ಯಜಮಾನರ ಹರಕೆಗೆ ಮಾದಸ್ವಾಮಿಯ ಕಾಲು

ಆ ವಾರ ಮಾದಸ್ವಾಮಿಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಕೂತರೆ ಮನಸ್ಸು ಎಬ್ಬಿಸುತ್ತಿತ್ತು, ಎದ್ದರೆ ಪಾದ ಕೂರಿಸುತ್ತಿತ್ತು. ಲೊಕ್ಕನಹಳ್ಳಿಯ ಮನೆ ಜಗಲಿಯಿಂದ ಬೀದಿ ನಲ್ಲಿಯವರೆಗೆ ಹೋಗುವುದು, ಫೋನ್ ನೋಡುವುದು, ವಾಪಸ್ ಬರುವುದು. ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ, ಕಾದ ಬಂಡೆಯ ಮೇಲೆ ನಡೆಯುವವನ ಹಾಗೆ ನಡೆಯುತ್ತಿದ್ದ. ಯಾರಾದರೂ "ಏನ್ಲಾ ಕಾಲ್ಗೆ?" ಅಂದರೆ "ಏನಿಲ್ಲ ಕಣ್ಲಾ" ಅನ್ನುತ್ತಿದ್ದ. ಆ "ಏನಿಲ್ಲ" ಅನ್ನುವ ಮಾತೇ ಅವನನ್ನು ಟೀಮಿನಿಂದ ಹೊರಗೆ ಹಾಕುವ ಮಟ್ಟಕ್ಕೆ ತಂದು ನಿಲ್ಲಿಸಿತ್ತು. ಸೋಮವಾರ ಟೀಮಿನ ಯಜಮಾನರು ಹೆಸರು ಹೇಳುತ್ತಾರೆ. ಇರುವವರು ಯಾರು, ಹೋಗುವವರು ಯಾರು.

ಮಾದಸ್ವಾಮಿ ಫುಟ್‌ಬಾಲ್ ಆಟಗಾರ. ನಮ್ಮ ಕಡೆ ಹೀಗೆ ಹೇಳಿಕೊಂಡರೆ ಜನ ನಗುತ್ತಾರೆ. ವಾಲಿಬಾಲ್ ಅಂದರೆ ಒಪ್ಪುತ್ತಾರೆ, ಕಬಡ್ಡಿ ಅಂದರೆ ತೊಡೆ ನೋಡುತ್ತಾರೆ, ಕ್ರಿಕೆಟ್ ಅಂದರೆ ತಾವೇ ಸಲಹೆ ಕೊಡಲು ಶುರು ಮಾಡುತ್ತಾರೆ. ಫುಟ್‌ಬಾಲ್ ಆಡಿ ಸಂಬಳ ತಗೊಳ್ತೀನಿ ಅಂದರೆ ಮಾತ್ರ, "ಅದ್ಸರಿ, ಕೆಲ್ಸ ಏನ್ ಮಾಡ್ತೀಯೆ?" ಅಂತ ಕೇಳುತ್ತಾರೆ. ಅವನು ದನ ಹೊಡೆದುಕೊಂಡು ಹೋಗುತ್ತಿದ್ದ ವಯಸ್ಸಿನಲ್ಲಿ, ಗಡಿ ಕಡೆಯ ತಮಿಳು ಮಾತಿನ ಊರುಗಳ ಹುಡುಗರು ಬಯಲಿನಲ್ಲಿ ಆಡುತ್ತಿದ್ದರು. ಇವನ ಕಡೆಗೆ ಬಂದ ಚೆಂಡನ್ನು ತಿರುಗಿ ಒದ್ದ. ಅಲ್ಲಿಂದ ಶುರು. ಇವತ್ತಿಗೂ ಮೈದಾನದಲ್ಲಿ ಗೆಳೆಯನ ಬೆನ್ನ ಹಿಂದೆ ಎದುರಾಳಿ ಬಂದರೆ ಅವನ ಬಾಯಲ್ಲಿ ಬರುವುದು ಹಿಂದೆ ನೋಡು ಅಂತಲ್ಲ, "ಪಿನ್ನಾಡಿ ಪಾರು" ಅನ್ನುವ ತಮಿಳೇ. ಮೈಸೂರಿನ ರೆಫರಿಗಳು ಅವನನ್ನು ತಮಿಳುನಾಡಿನವನು ಅಂದುಕೊಂಡಿದ್ದಾರೆ.

ಸೀಸನ್ ಇಲ್ಲದಾಗ ಗೂಡ್ಸ್ ಆಟೋ ಓಡಿಸುತ್ತಾನೆ. ಹನೂರಿನಿಂದ ಕೌದಳ್ಳಿಗೆ ಗೊಬ್ಬರ, ಕೌದಳ್ಳಿಯಿಂದ ಹನೂರಿಗೆ ಟೊಮೊಟೊ. ಸೀಸನ್ ಬಂದರೆ ಕೊಳ್ಳೇಗಾಲದ ಸುವರ್ಣಾವತಿ ಫುಟ್‌ಬಾಲ್ ಕ್ಲಬ್ಬಿನ ರೈಟ್ ಬ್ಯಾಕ್. ಅಂದರೆ ಗೋಲಿನ ಮುಂದೆ ಬಲಗಡೆ ಕಾಯುವವನು. ಕ್ಲಬ್ಬು ಹುಟ್ಟಿದಾಗಿನಿಂದ ಅದೇ ಜಾಗ. ಅಷ್ಟೂ ವರ್ಷ ಕೆಳಗಿನ ಡಿವಿಷನ್ನಿನಲ್ಲೇ ಬೆವರು ಹರಿಸಿದ. ಹೋದ ಸಲ, ಕೊನೆಯ ಪಂದ್ಯದಲ್ಲಿ, ಗೋಲಿನ ಗೆರೆ ಮೇಲಿಂದ ಚೆಂಡನ್ನು ತಲೆಯಲ್ಲಿ ಹೊರಗೆ ಹಾಕಿದ. ಟೀಮು ಮೇಲಿನ ಡಿವಿಷನ್ನಿಗೆ ಏರಿತು. ಅವನಿಗೆ ಈಗ ಒಂದೇ ಆಸೆ. ಆ ಮೇಲಿನ ಡಿವಿಷನ್ನಿನಲ್ಲಿ ಒಂದು ಸೀಸನ್ ಆಡಬೇಕು. ಒಂದು ಸಾಕು. ಆಮೇಲೆ ಆಟೋನೇ ಗತಿ ಅಂತ ಅವನಿಗೂ ಗೊತ್ತು, ಆ ಆಟೋಗೂ ಗೊತ್ತು.

ಕ್ಲಬ್ಬಿನ ಯಜಮಾನರು ವೃಷಭೇಂದ್ರಪ್ಪನವರು. ಅಕ್ಕಿ ಗಿರಣಿ ಇದೆ, ಕಲ್ಯಾಣ ಮಂಟಪ ಇದೆ, ದೈವಭಕ್ತಿ ಇದೆ. ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಕೆಟ್ಟವರ ಕಥೆ ಸುಲಭ. ಸಂಬಳ ತಡ ಮಾಡಿದವರಲ್ಲ. ಯಾರಿಗಾದರೂ ಮೂಳೆ ಮುರಿದರೆ ಆಸ್ಪತ್ರೆಗೆ ತಾವೇ ಹೋಗುತ್ತಾರೆ. ಆದರೆ ಹೋದ ಸೀಸನ್ನಿನ ಶುರುವಿನಲ್ಲಿ ಅವರು ಒಂದು ಕೆಲಸ ಮಾಡಿದರು. ಹಳದಿ ಬಟ್ಟೆಯಲ್ಲಿ ನಾಣ್ಯ ಇಟ್ಟು, ಗಂಟು ಹಾಕಿ, ಮುಡುಪು ಕಟ್ಟಿ, ಕ್ಲಬ್ಬಿನ ಕೋಣೆಯಲ್ಲಿದ್ದ ಮಾದಪ್ಪನ ಪಟಕ್ಕೆ ತೂಗುಹಾಕಿದರು. ಟೀಮು ಮೇಲೇರಿದರೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಬಂದು ಮುಡುಪು ಒಪ್ಪಿಸುವುದು ಅಂತ ಹರಕೆ.

ಟೀಮು ಏರಿತು. ಹರಕೆ ತೀರಿಸಬೇಕು. ಯಾರು ನಡೆಯಬೇಕು? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಯಜಮಾನರು ಕೋಚ್ ಕುಮಾರಸ್ವಾಮಿಯನ್ನು ಕರೆದು, ಅಮಾವಾಸ್ಯೆ ದರ್ಶನಕ್ಕೆ ಸರಿಯಾಗಿ ಹುಡುಗರನ್ನು ಕರೆದುಕೊಂಡು ನಡೆದು ಬಾ, ನಾನು ಮೇಲೆ ಸಿಕ್ಕುತ್ತೇನೆ ಅಂದರು. ಕುಮಾರಸ್ವಾಮಿ ಯಳಂದೂರಿನವರು, ಅಲ್ಲಿನ ಶಾಲೆಯೊಂದರಲ್ಲಿ ಅತಿಥಿ ಪಿ.ಟಿ. ಮೇಷ್ಟ್ರು. ಅತಿಥಿ ಅಂದರೆ ವರ್ಷ ವರ್ಷ ಹೊಸದಾಗಿ ನೇಮಕ ಆಗಬೇಕು. ಹಾಗಾಗಿ ಹೂಂ ಅನ್ನುವುದು ಅವರಿಗೆ ಅಭ್ಯಾಸ. ಹೂಂ ಅಂದರು.

ಕೊಳ್ಳೇಗಾಲದಿಂದ ಹೊರಟರು. ಬರಿಗಾಲು, ಕಾದ ಡಾಂಬರು. ಹನೂರು ದಾಟುವಷ್ಟರಲ್ಲಿ ಬೊಬ್ಬೆ ಎದ್ದವು, ಕೌದಳ್ಳಿ ಬರುವಷ್ಟರಲ್ಲಿ ಒಡೆದವು. ತಾಳಬೆಟ್ಟದ ಬುಡದಲ್ಲಿ ಕಲ್ಲುಹಾದಿ ಶುರುವಾದಾಗ, ಉಘೇ ಮಾದಪ್ಪ ಅಂತ ಕೂಗಿದ್ದರಲ್ಲಿ ಭಕ್ತಿ ಎಷ್ಟು, ನೋವು ಎಷ್ಟು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ. ಮಾದಸ್ವಾಮಿ ಮಾದಪ್ಪನ ಒಕ್ಕಲು, ಹೆಸರೇ ಅವನದು. ನಿಜವಾದ ಭಕ್ತಿಯಿಂದಲೇ ನಡೆದ. ಮೇಲೆ ಯಜಮಾನರು ಕಾರಿನಲ್ಲಿ ಬಂದು ಕಾದಿದ್ದರು. ಫೋಟೋಗೆ ಚಪ್ಪಲಿ ಬಿಟ್ಟು ಮಧ್ಯೆ ನಿಂತರು. ಮುಡುಪು ಒಪ್ಪಿಸಿದರು. ಎಲ್ಲರಿಗೂ ಊಟ ಹಾಕಿಸಿದರು. ಆ ಫೋಟೋ ಕೊಳ್ಳೇಗಾಲದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅದರಲ್ಲಿ ಮುಖ ಮಾತ್ರ ಕಾಣುತ್ತದೆ, ಪಾದ ಕಾಣುವುದಿಲ್ಲ.

ಟೀಮಿನಲ್ಲಿ ನಡೆಯದೆ ಉಳಿದವನು ಒಬ್ಬನೇ, ಕೌದಳ್ಳಿಯ ಚಿನ್ನಸ್ವಾಮಿ. ಮಧ್ಯದ ಆಟಗಾರ, ಮಾದಸ್ವಾಮಿಗೆ ತಮ್ಮನ ಹಾಗೆ. ಆ ವಾರವೇ ಅವನ ಅಜ್ಜಿ ತೀರಿಕೊಂಡಿದ್ದಳು. ಸೂತಕದ ಮನೆಯವರು ಬೆಟ್ಟ ಹತ್ತುವಂತಿಲ್ಲ. ಟೀಮು ಅವನ ಊರಿನ ಮೇಲೇ ಹಾದು ಹೋಯಿತು. ಅವನು ದೂರದಲ್ಲಿ ನಿಂತು ನೋಡಿ ಅತ್ತನಂತೆ, ಅಜ್ಜಿಗೋ ಇದಕ್ಕೋ ಗೊತ್ತಿಲ್ಲ.

ಬೆಟ್ಟದಿಂದ ಬಸ್ಸಿನಲ್ಲಿ ವಾಪಸ್ ಬಂದರು. ಎರಡೇ ದಿನಕ್ಕೆ ಯಜಮಾನರು ಟ್ರಯಲ್ ಇಟ್ಟರು.

ಮೇಲಿನ ಡಿವಿಷನ್ನಿಗೆ ಹೋಗುತ್ತಿದ್ದೇವೆ, ಟೀಮಿನಲ್ಲಿ ತೂತು ಎಲ್ಲಿದೆ ಅಂತ ಸೀಸನ್ನಿಗೆ ಮೊದಲೇ ಗೊತ್ತಾಗಬೇಕು, ಒಳ್ಳೆಯವರನ್ನು ಬೇರೆ ಕ್ಲಬ್ಬಿನವರು ಎತ್ತಿಕೊಳ್ಳುವ ಮುಂಚೆ ನಾವು ಎತ್ತಿಕೊಳ್ಳಬೇಕು ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ. ಅದಕ್ಕೆ ತಂಗಿಯ ಮಗ ಬಸವೇಶನನ್ನು ಮೈಸೂರಿನಿಂದ ಕರೆಸಿದರು. ಬಸವೇಶ ಇದೇ ವಿದ್ಯೆ ಓದಿದವನು, ಬೇರೆ ಟೀಮುಗಳಿಗೂ ಈ ಕೆಲಸ ಮಾಡಿಕೊಟ್ಟವನು. ಕುಮಾರಸ್ವಾಮಿ ಮೇಷ್ಟ್ರು ಒಂದು ವಾರ ಮುಂದಕ್ಕೆ ಹಾಕಿ ಸಾರ್, ಹುಡುಗರು ವಸಿ ಸುಸ್ತಾಗವ್ರೆ ಅಂತ ಮೆಲ್ಲಗೆ ಅಂದರು. ಯಜಮಾನರು ಬೇಜಾರಿನಿಂದ ನೋಡಿ ಹೇಳಿದರು:

"ದೇವ್ರ ಸನ್ನಿಧಿಗೆ ಹೋಗಿ ಬಂದೋರ್ಗೆ ಸುಸ್ತಾ, ಕುಮಾರಸ್ವಾಮಿ?"

ಮೇಷ್ಟ್ರು ಹೊರಗೆ ಬಂದು, ಟ್ರಯಲ್ಲಿಗೆ ಬನ್ನಿ ಅಂತ ಹುಡುಗರಿಗೆ ಫೋನ್ ಮಾಡಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಾದಸ್ವಾಮಿಯಂಥವರ ಮನೆಗಳಲ್ಲಿ ಒಂದು ಕಟ್ಟುಪಾಡು ಇದೆ. ಹರಕೆ ಹೊತ್ತು ಬೆಟ್ಟಕ್ಕೆ ನಡೆದು ಬಂದವನು ಕಾಲುನೋವು ಅನ್ನಬಾರದು. ಅಂದರೆ ಕೊಟ್ಟದ್ದನ್ನು ದೇವರ ಹತ್ತಿರ ವಾಪಸ್ ಕೇಳಿದ ಹಾಗೆ, ಹರಕೆ ಕೆಟ್ಟಿತು. ಹರಳೆಣ್ಣೆ ಹಚ್ಚಬಹುದು, ಅರಿಶಿನ ಮೆತ್ತಬಹುದು, ಗೋಡೆ ಕಡೆ ತಿರುಗಿ ಹಲ್ಲು ಕಚ್ಚಬಹುದು. ಬಾಯಲ್ಲಿ ಮಾತ್ರ ಬರಬಾರದು. ಎರಡು ದಿನದ ಹಿಂದೆ ಬರಿಗಾಲಲ್ಲಿ ಬೆಟ್ಟ ಹತ್ತಿದ ಟೀಮು, ಆ ಪಾದಕ್ಕೆ ಬಟ್ಟೆ ಸುತ್ತಿ, ಸಾಕ್ಸ್ ಎಳೆದು, ಮುಳ್ಳಿನ ಬೂಟು ಬಿಗಿದು ಮೈದಾನಕ್ಕೆ ಇಳಿಯಿತು.

ಬಸವೇಶ ನ್ಯಾಯವಾಗಿಯೇ ನಡೆದುಕೊಂಡ. ಅವನನ್ನು ಬೈಯಲು ಜಾಗ ಹುಡುಕಿದರೂ ಸಿಗುವುದಿಲ್ಲ. ಓಟ ಶುರು ಮಾಡುವ ಮೊದಲು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು, ಏನಾದರೂ ಗಾಯ ಇದೆಯಾ, ಇದ್ದರೆ ಈಗಲೇ ಹೇಳಿ, ಇನ್ನೊಂದು ದಿನ ಮಾಡೋಣ ಅಂತ ಕೇಳಿದ. ಇಲ್ಲ ಸಾ. ಇಲ್ಲ ಸಾ. ಏನಿಲ್ಲ ಸಾ. ಸಾಲು ಪೂರ್ತಿ ಇಲ್ಲ ಅಂದಿತು. ಹಿಂದೆ ನಿಂತಿದ್ದ ಕೋಚು ತಾವೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಆಕಾಶ ನೋಡುತ್ತಿದ್ದರು. ಬಸವೇಶ ಮೈಸೂರಿನಿಂದ ಅವತ್ತು ಬೆಳಿಗ್ಗೆ ಬಂದಿಳಿದವನು. ಟೀಮು ಬೆಟ್ಟಕ್ಕೆ ಹೋಗಿ ಬಂತು ಅಂತ ಮಾವ ಹೇಳಿದ್ದರು. ಬಸ್ಸಿನಲ್ಲಿ ಅಂದುಕೊಂಡ. ಯಾರು ಬೇಕಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಓಡಿಸಿದ. ತಿರುಗಿಸಿದ. ನಿಂತಲ್ಲಿಂದ ಹಾರಿಸಿದ. ಎಲ್ಲರೂ ಕೆಸರಿನಲ್ಲಿ ಓಡಿದ ಹಾಗೆ ಓಡಿದರು. ಚಿನ್ನಸ್ವಾಮಿ ಒಬ್ಬ ಜಿಂಕೆ ಹಾಗೆ ಹೋದ. ಹೋಗಿ ತುದಿ ಮುಟ್ಟಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಎರಡನೇ ಓಟದಲ್ಲಿ ಬೇಕು ಅಂತಲೇ ನಿಧಾನ ಮಾಡಿದ. ಆಗಲೂ ಅವನೇ ಮೊದಲು.

ಆಮೇಲೆ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಬಸವೇಶ ಗೋಡೆ ಮೇಲೆ ಪ್ರೊಜೆಕ್ಟರ್ ಬೆಳಕು ಬಿಟ್ಟು ಟೀಮಿನ ದೌರ್ಬಲ್ಯ ಹೇಳಿದ. ಹೇಳಿದ್ದರಲ್ಲಿ ಬಹಳಷ್ಟು ಸತ್ಯ. ಎಡಗಡೆ ಕಾಯುವವನಿಗೆ ಪೆಟ್ಟಾದರೆ ಆ ಜಾಗಕ್ಕೆ ಇನ್ನೊಬ್ಬ ಇಲ್ಲ. ಹೋದ ಸಲ ತಿಂದ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಕಡೆಯಿಂದ ಬಂದವು. ಗೋಲ್‌ಕೀಪರ್ ಒಳ್ಳೆಯವನು, ಆದರೆ ಗೆರೆ ಬಿಟ್ಟು ಮುಂದೆ ಬರಲು ಹೆದರುತ್ತಾನೆ. ಕಾರ್ನರ್ ಬಂದರೆ ಎಲ್ಲರೂ ಚೆಂಡು ನೋಡುತ್ತಾರೆ, ಆಳು ನೋಡುವುದಿಲ್ಲ. ಗೋಲು ಹೊಡೆಯುವವನು ಒಬ್ಬನೇ, ಅವನಿಗೆ ಜ್ವರ ಬಂದರೆ ಟೀಮಿಗೇ ಜ್ವರ. ಇದನ್ನೆಲ್ಲ ಹುಡುಗರು ತಲೆ ಆಡಿಸಿಕೊಂಡು ಕೇಳಿದರು. ಹೌದಲ್ವಾ ಅನ್ನಿಸಿತು. ಕೊನೆಗೆ ಬಸವೇಶ ಹೇಳಿದ ಮಾತು ಒಂದೇ ಎಲ್ಲರನ್ನೂ ಕುಗ್ಗಿಸಿತು. ಇದೆಲ್ಲಕ್ಕಿಂತ ದೊಡ್ಡ ತೊಂದರೆ ವೇಗ. ಹಿಂದಿನ ಸಾಲಿಗೆ ವೇಗವೇ ಇಲ್ಲ, ಮೇಲಿನ ಡಿವಿಷನ್ನಿನಲ್ಲಿ ಇದು ನಡೆಯುವುದಿಲ್ಲ, ಮೂವರನ್ನಾದರೂ ಬಿಡಬೇಕು. ಮೊದಲನೆಯದು ರೈಟ್ ಬ್ಯಾಕ್ ಜಾಗ. ಅಲ್ಲಿಗೆ ಚಿನ್ನಸ್ವಾಮಿಯನ್ನು ಹಾಕಬಹುದು.

ಸಿಟ್ಟು ಬರುವುದು ಇಲ್ಲಿ. ಬಸವೇಶನಿಗೆ ಗೊತ್ತಿರಲಿಲ್ಲ, ಬಿಡಿ. ಅದೇ ಹಾಲಿನಲ್ಲಿ ಯಜಮಾನರು ಕೂತಿದ್ದರು. ಇವರನ್ನು ನಡೆಸಿದವರು ಅವರೇ. ಅವರಿಗೆ ಎರಡೂ ಗೊತ್ತಿತ್ತು, ನಡೆದದ್ದೂ ಗೊತ್ತು, ಓಡಲಾಗದ್ದೂ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ದೇವರ ಕೆಲಸ ಅವರ ತಲೆಯಲ್ಲಿ ಒಂದು ಕೋಣೆ, ಟೀಮಿನ ಕೆಲಸ ಇನ್ನೊಂದು ಕೋಣೆ, ನಡುವೆ ಬಾಗಿಲಿಲ್ಲ. ಇನ್ನು ಕುಮಾರಸ್ವಾಮಿ ಮೇಷ್ಟ್ರು. ಬಾಯಿ ಬಿಟ್ಟರೆ ತನ್ನ ಹರಕೆಯೂ ಕೆಡುತ್ತದೆ, ತನ್ನ ಕೆಲಸವೂ ಕೆಡುತ್ತದೆ. ಯಾವುದಕ್ಕೆ ಹೆಚ್ಚು ಹೆದರಿದರು ಅಂತ ಅವರನ್ನೇ ಕೇಳಬೇಕು.

ಇಷ್ಟಾಗಿ ಮಾದಸ್ವಾಮಿ ಲೊಕ್ಕನಹಳ್ಳಿಗೆ ಬಂದ. ಅಲ್ಲಿಂದ ಶುರುವಾಯಿತು ಆ ಓಡಾಟ. ಒಂದು ದಿನ ಬಾಡಿಗೆ ಇಲ್ಲದಿದ್ದರೂ ಆಟೋ ತೆಗೆದು ಹನೂರಿಗೆ ಹೋದ, ಅಲ್ಲಿ ಟೀ ಆರ್ಡರ್ ಮಾಡಿ ಕುಡಿಯದೆ ಎದ್ದು ಬಂದ. ಇನ್ನೊಂದು ದಿನ ಬಸ್ಸು ಹತ್ತಿ ಕೊಳ್ಳೇಗಾಲದ ಅರ್ಧ ದಾರಿಗೆ ಹೋಗಿ, ಇಳಿದು, ಎದುರಿನ ಬಸ್ಸು ಹತ್ತಿ ವಾಪಸ್ ಬಂದ. ಮನೆಯಲ್ಲಿ ಕೂತಲ್ಲೇ ಮಂಡಿ ಅಲ್ಲಾಡಿಸುತ್ತಿದ್ದ. ತಾಯಿ ಪುಟ್ಟಗೌರಮ್ಮ ಅವರೆಕಾಯಿ ಸುಲಿಯುತ್ತಾ, "ಜಗಲಿ ಸವುದೋಯ್ತದೆ, ಒಂದ್ಕಡೆ ಕೂತ್ಕೊ" ಅಂದರೆ ಕೂರುತ್ತಿದ್ದ, ಆಕೆ ಮುಖ ತಿರುಗಿಸಿದ ಕೂಡಲೇ ಏಳುತ್ತಿದ್ದ.

ಭಾನುವಾರ ಮಧ್ಯಾಹ್ನ ಚಿನ್ನಸ್ವಾಮಿ ಬೈಕಿನಲ್ಲಿ ಬಂದ. ಅವನ ಮುಖ ಸಣ್ಣಗಾಗಿತ್ತು. ನಾಳೆ ನಾನೇ ಹೋಗಿ ಹೇಳುತ್ತೇನೆ, ನಾನು ವೇಗವಾಗಿ ಓಡಿದ್ದು ನನ್ನ ಹೆಚ್ಚುಗಾರಿಕೆ ಅಲ್ಲ, ನಮ್ಮಜ್ಜಿ ಸತ್ತಿದ್ದಕ್ಕೆ, ಇಲ್ಲದಿದ್ದರೆ ನಾನೂ ಕುಂಟುತ್ತಿದ್ದೆ ಅಂತ ಹೇಳುತ್ತೇನೆ ಅಂದ. ಮಾದಸ್ವಾಮಿ ಬೇಡ ಅಂದ. ನೀನು ಹೇಳಿದರೂ ಅದು ನಮ್ಮ ಕಾಲುನೋವಿನ ಮಾತೇ ಆಗುತ್ತದೆ, ಎಲ್ಲರ ಹರಕೆಯೂ ಕೆಡುತ್ತದೆ, ಒಬ್ಬನ ಜಾಗಕ್ಕೆ ಅಷ್ಟೂ ಜನರ ನಡಿಗೆ ಹಾಳು ಮಾಡುವುದು ಬೇಡ ಅಂದ. ಚಿನ್ನಸ್ವಾಮಿಗೆ ರೇಗಿತು.

"ಅಂಗಂತ ನಿನ್ನ ಜಾಗ ನಾನು ತಕಂಡು ಕುಣೀಲಾ? ಮೈದಾನ್ದಲ್ಲಿ ನನ್ ಬೆನ್ ಹಿಂದೆ 'ಪಿನ್ನಾಡಿ ಪಾರು' ಅನ್ನೋರ್ಯಾರು?"

ಮಾದಸ್ವಾಮಿ ಎದ್ದು ನಲ್ಲಿ ಕಡೆ ಹೊರಟ. ಪುಟ್ಟಗೌರಮ್ಮ ಕೈಯಲ್ಲಿದ್ದ ಅವರೆಕಾಯಿ ಮೊರದಲ್ಲಿ ಹಾಕಿ, ಹೋಗುತ್ತಿದ್ದವನನ್ನು ನಿಲ್ಲಿಸಿದಳು.

"ಮುಡುಪು ಕಟ್ದೋರ್ಯಾರ್ಲಾ?"

ಯಜಮಾನರು ಅಂದ.

"ಒಪ್ಸುದ್ದು?"

ಅವರೇ.

"ಅಂಗಾದ್ರೆ ಹರಕೆ ಬುದ್ಧಿಯೋರ್ದು. ನೀನ್ಯಾಕ್ಲಾ ಬಾಯ್ಮುಚ್ಕಂಡು ಸಾಯ್ತೀಯೆ?"

ಪುಟ್ಟಗೌರಮ್ಮನ ವಯಸ್ಸಿನವರು ಈಗಲೂ ದೊಡ್ಡ ಮನೆಯವರನ್ನು ಬುದ್ಧಿ ಅನ್ನುತ್ತಾರೆ. ಅದು ಬೇರೆ ಸಿಟ್ಟು, ಇನ್ನೊಂದು ದಿನಕ್ಕೆ ಇರಲಿ. ಆಕೆ ಆಗ ಹೇಳಿದ್ದು ತನ್ನದೇ ಒಂದು ಸಂಗತಿ. ಮದುವೆಯಾದ ಹೊಸದರಲ್ಲಿ ಆಕೆ ಕೂಲಿಗೆ ಹೋಗುತ್ತಿದ್ದ ಮನೆಯ ಯಜಮಾನಿ, ಮಗನಿಗೆ ಹುಷಾರಾಗಲಿ ಅಂತ ಬೆಟ್ಟಕ್ಕೆ ನಡೆಯುವ ಹರಕೆ ಹೊತ್ತಿದ್ದಳು. ಮಗ ಹುಷಾರಾದ. ಯಜಮಾನಿಗೆ ಮಂಡಿನೋವು, ನೀನು ನನ್ನ ಬದಲಿಗೆ ನಡೆದು ಬಾರೇ ಗೌರಿ ಅಂದಳು. ಗೌರಿ ನಡೆದಳು. ಬಂದವಳು ಕಳೆ ಕೀಳುವಾಗ, ನೀರು ಸೇದುವಾಗ, ಅಯ್ಯೋ ಕಾಲು, ಅಯ್ಯೋ ಕಾಲು ಅಂತ ಊರಿಗೆಲ್ಲ ಕೇಳುವಂತೆ ಹೇಳಿಕೊಂಡಳು. ಯಜಮಾನಿ ಹೆದರಿ ಬೆಟ್ಟಕ್ಕೆ ಹೋಗಿ ಅಲ್ಲಿನ ಪೂಜೆಯ ತಮ್ಮಡಿಯನ್ನು ಕೇಳಿದಳು. ಹರಕೆ ಹೊತ್ತ ಬಾಯಿ ಯಾವುದೋ ನಡೆಯುವ ಕಾಲೂ ಅದೇ ಆಗಬೇಕು, ಇನ್ನೊಬ್ಬರ ಕಾಲಿನ ನಡಿಗೆ ಅವರವರ ಲೆಕ್ಕಕ್ಕೆ ಅಂತ ಆತ ಹೇಳಿದನಂತೆ.

"ಆಮ್ಯಾಕೆ ಆಯಮ್ಮ ಮಂಡಿ ಇಡ್ಕಂಡು ತಾನೇ ನಡೀತು," ಅಂದಳು ಪುಟ್ಟಗೌರಮ್ಮ. "ನಂಗೇನೂ ಆಗ್ನಿಲ್ಲ. ನೀನು ಉಟ್ಟುದ್ದು ಅದಾದ್ಮೇಲೆಯ."

ಮಾದಸ್ವಾಮಿ ನಿಂತಲ್ಲೇ ನಿಂತ. ಆ ವಾರದಲ್ಲಿ ಅವನು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಕೊಳ್ಳೇಗಾಲ. ಕಲ್ಯಾಣ ಮಂಟಪದ ಮುಂದಿನ ಕೋಣೆಯಲ್ಲಿ ಯಜಮಾನರು ವಿಭೂತಿ ಹಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಸವೇಶ, ಬಾಗಿಲ ಹತ್ತಿರ ಕುಮಾರಸ್ವಾಮಿ ಮೇಷ್ಟ್ರು. ಮಾದಸ್ವಾಮಿಯನ್ನು ಮೊದಲು ಕರೆದರು. ಕರೆದ ಕ್ರಮದಲ್ಲೇ ಅರ್ಥ ಇತ್ತು. ಯಜಮಾನರು ಬಹಳ ಪ್ರೀತಿಯಿಂದ ಮಾತು ಶುರು ಮಾಡಿದರು. ನೀನು ಕ್ಲಬ್ಬಿಗೆ ದುಡಿದವನು, ನಿನ್ನನ್ನು ಮರೆಯುವುದಿಲ್ಲ, ಒಂದು ಶಾಲು ಹಾಕಿ ಗೌರವವಾಗಿ ಕಳಿಸಿಕೊಡುತ್ತೇವೆ ಅಂದರು. ಶಾಲು ಅನ್ನುವ ಮಾತು ಬಂದ ಮೇಲೆ ಮಾದಸ್ವಾಮಿ ಕಾಯಲಿಲ್ಲ.

"ಸಾ, ಒಂದ್ ಮಾತು. ಬೆಟ್ಟದ್ ಹರಕೆ ಯಾರ್ದು?"

ಯಜಮಾನರಿಗೆ ಇದು ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ನಂದೇ ಕಣಯ್ಯ, ಎಲ್ಲರ ಮುಂದೆ ನಾನೇ ಅಲ್ವಾ ಮುಡುಪು ಕಟ್ಟಿದ್ದು ಅಂದರು.

"ಅಂಗಾದ್ರೆ ನಾನು ಯೋಳ್ಬೋದು. ನಂಗೆ ಕಾಲ್ನೋವು ಸಾ. ಟ್ರಯಲ್ ದಿನ ಬೂಟಿನೊಳ್ಗೆ ರಕ್ತ ಇತ್ತು. ನಂಗೊಬ್ಬಂಗೇ ಅಲ್ಲ, ಎಲ್ಲಾರ್ಗೂವೆ."

ಚಪ್ಪಲಿ ಬಿಟ್ಟು ಪಾದ ಎತ್ತಿ ತೋರಿಸಿದ. ಸಿಪ್ಪೆ ಸುಲಿದು, ಒಣಗಿ, ಕೆಲವು ಕಡೆ ಇನ್ನೂ ಹಸಿ. ಬಸವೇಶ ಕುರ್ಚಿ ಬಿಟ್ಟು ಎದ್ದು ಬಗ್ಗಿ ನೋಡಿದ. ಏನಾಯಿತು ಇದು ಅಂತ ಕೇಳಿದ. ಬೆಟ್ಟಕ್ಕೆ ನಡೆದದ್ದು ಅಂತ ಗೊತ್ತಾದಾಗ ಅವನ ಮುಖ ಬಿಳುಚಿಕೊಂಡಿತು.

"ನಾನು ಕೇಳ್ದೆ. ಒಬ್ಬೊಬ್ಬರನ್ನೂ ಕೇಳ್ದೆ. ನೀವು ಇಲ್ಲ ಅಂದ್ರಿ."

"ಅವತ್ತು ಹರಕೆ ನಂದು ಅನ್ಕಂಡಿದ್ದೆ ಸಾ."

ಯಜಮಾನರ ಮುಖ ಕೆಂಪಾಯಿತು. ಅವರಿಗೆ ಸಿಟ್ಟು ಬಂದದ್ದು ಟೀಮಿನ ವಿಷಯಕ್ಕಲ್ಲ, ದೇವರ ವಿಷಯಕ್ಕೆ. ನೀವೆಲ್ಲ ಭಕ್ತಿಯಿಂದ ನಡೆದಿರಿ ಅಂದುಕೊಂಡಿದ್ದೆ, ಈಗ ಕೂಲಿ ಮಾಡಿದವರ ಹಾಗೆ ಮಾತಾಡುತ್ತೀಯಲ್ಲ ಅಂದರು. ಮಾದಸ್ವಾಮಿ ತಲೆ ತಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಭಕ್ತಿಯಿಂದ್ಲೇ ನಡೆದ್ವಿ ಸಾ. ಅಂಗಾದ್ರೆ ಆ ನಡಿಗೆ ನಮ್ದು. ನಿಮ್ದು ಇನ್ನೂ ನಡೆದಿಲ್ಲ."

ಯಜಮಾನರು ವ್ಯಾಪಾರಸ್ಥರು, ಮಾತಿನ ಎರಡೂ ಮಗ್ಗುಲು ಬೇಗ ಗೊತ್ತಾಗುತ್ತದೆ. ನಡಿಗೆ ಕ್ಲಬ್ಬಿನ ಕೆಲಸ ಅಂದರೆ, ಕೆಲಸ ಮಾಡಿ ಆದ ಗಾಯಕ್ಕೆ ಆಳನ್ನು ಹೊರಗೆ ಹಾಕಿದ ಹಾಗಾಯಿತು. ನಡಿಗೆ ಅವರವರ ಭಕ್ತಿ ಅಂದರೆ, ಮಾದಪ್ಪನಿಗೆ ತಾವು ಕೊಟ್ಟ ಮಾತು ಹಾಗೇ ನಿಂತಿದೆ. ಕಾರಿನಿಂದ ಇಳಿದು ದೇವಸ್ಥಾನದ ಬಾಗಿಲವರೆಗೆ ನಡೆದದ್ದನ್ನು ಯಾವ ದೇವರೂ ನಡಿಗೆ ಅನ್ನುವುದಿಲ್ಲ.

ಆಗ ಬಾಗಿಲ ಹತ್ತಿರದಿಂದ ಕುಮಾರಸ್ವಾಮಿ ಮೇಷ್ಟ್ರ ದನಿ ಬಂತು. ಬಹಳ ಮೆಲ್ಲಗೆ, ಹಾಜರಿ ಹೇಳುವ ಹುಡುಗನ ಹಾಗೆ.

"ನಂಗೂ ಕಾಲ್ನೋವು ಸಾರ್."

ನಗಬೇಕೋ ಬೇಡವೋ ಅಂತ ಯಾರಿಗೂ ತಿಳಿಯಲಿಲ್ಲ. ಇಷ್ಟು ದಿನ ತಡವಾಗಿ ಬಂದ ಮಾತು. ಬಂತಲ್ಲ ಅಂತ ಸಮಾಧಾನ ಪಡಲು ಮನಸ್ಸು ಒಪ್ಪುವುದಿಲ್ಲ. ಟ್ರಯಲ್ ದಿನ ಆ ಸಾಲಿನ ಹಿಂದೆ ನಿಂತು ಇದೇ ಮಾತು ಅಂದಿದ್ದರೆ ಮಾದಸ್ವಾಮಿಯ ಒಂದು ವಾರ ಉಳಿಯುತ್ತಿತ್ತು.

ಬಸವೇಶ ಫೋನ್ ತೆಗೆದು ಅಲ್ಲೇ ಒಬ್ಬೊಬ್ಬ ಆಟಗಾರನಿಗೂ ಫೋನ್ ಮಾಡಿದ. ಹರಕೆ ಯಜಮಾನರದ್ದಂತೆ, ಈಗ ಹೇಳಿ, ಕಾಲು ಹೇಗಿತ್ತು ಅಂತ ಕೇಳಿದ. ಆ ಕಡೆಯಿಂದ ನಿಲ್ಲದ ಮಾತು. ಒಬ್ಬ ಅತ್ತೇಬಿಟ್ಟನಂತೆ. ಫೋನ್ ಇಟ್ಟು ಬಸವೇಶ ಮಾವನಿಗೆ, ಎಡಗಡೆಯ ವಿಷಯ, ಗೋಲ್‌ಕೀಪರ್ ವಿಷಯ ನಾನು ಹೇಳಿದ್ದು ಹೇಳಿದ ಹಾಗೇ ಇರಲಿ, ಅವು ಹೋದ ಸೀಸನ್ನಿನ ಆಟ ನೋಡಿ ಹೇಳಿದ್ದು, ವೇಗದ ಮಾತು ಮಾತ್ರ ಅಳಿಸಿಬಿಡಿ, ಪಾದ ಆರಿದ ಮೇಲೆ ಇನ್ನೊಮ್ಮೆ ಓಡಿಸುತ್ತೇನೆ ಅಂದ. ಯಜಮಾನರು ಎದ್ದು ಒಳಗೆ ಹೋದರು.

ಎರಡನೇ ಟ್ರಯಲ್ಲಿನಲ್ಲಿ ಟೀಮು ಟೀಮಿನ ಹಾಗೆ ಓಡಿತು. ಬಿಡಬೇಕು ಅಂದಿದ್ದ ಮೂವರಲ್ಲಿ ಇಬ್ಬರು ಯಾವ ತಕರಾರೂ ಇಲ್ಲದೆ ಉಳಿದರು. ಚಿನ್ನಸ್ವಾಮಿ ಈ ಸಲ ಮೂರನೆಯವನಾಗಿ ಬಂದ. ಅಷ್ಟು ಖುಷಿಯಾಗಿ ಯಾರೂ ಮೂರನೆಯವರಾದದ್ದನ್ನು ನೋಡಿರಲಿಲ್ಲ. ಮಾದಸ್ವಾಮಿ? ಸುಳ್ಳು ಹೇಳಬಾರದು. ಅವನು ಮೊದಲಿಗಿಂತ ಎಷ್ಟೋ ಚೆನ್ನಾಗಿ ಓಡಿದ, ಆದರೂ ಚಿಕ್ಕವರಿಗಿಂತ ಹಿಂದೆ ಬಿದ್ದ. ಬಸವೇಶ ಅದನ್ನೂ ಮುಚ್ಚಿಡಲಿಲ್ಲ. ವಯಸ್ಸು ವಯಸ್ಸೇ. ಆದರೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಇವನಿಗೆ ಮೊದಲೇ ಗೊತ್ತಾಗುತ್ತದೆ, ಒಳಗಡೆ, ಗೋಲಿನ ನೇರ ಮುಂದೆ ಕಾಯುವ ಸ್ಟಾಪರ್ ಜಾಗಕ್ಕೆ ತಂದರೆ ಅಷ್ಟು ಓಡುವ ಅಗತ್ಯ ಇಲ್ಲ, ಒಂದು ಸೀಸನ್ ಧಾರಾಳವಾಗಿ ಆಡುತ್ತಾನೆ ಅಂದ. ಇಡುವುದು ಬಿಡುವುದು ಯಜಮಾನರ ಕೈಯಲ್ಲಿ. ಯಜಮಾನರು, ಬರುವ ಅಮಾವಾಸ್ಯೆ ಕಳೆಯಲಿ ಅಂದರು.

ಮಾದಸ್ವಾಮಿಗೆ ಮತ್ತೆ ಜಗಲಿ, ಮತ್ತೆ ನಲ್ಲಿ, ಮತ್ತೆ ಫೋನ್. ಈ ಸಲ ಪಾದ ಸರಿಯಿತ್ತು, ಆದ್ದರಿಂದ ಇನ್ನೂ ಹೆಚ್ಚು ನಡೆದ.

ಅಮಾವಾಸ್ಯೆಗೆ ವೃಷಭೇಂದ್ರಪ್ಪನವರು ನಡೆದರು. ಕೊಳ್ಳೇಗಾಲದಿಂದಲ್ಲ, ತಾಳಬೆಟ್ಟದ ಬುಡದಿಂದ. ಅಲ್ಲಿಯವರೆಗೆ ಕಾರು. ಹಿಂದೆ ಒಬ್ಬ ಕೊಡೆ ಹಿಡಿದಿದ್ದ, ಇನ್ನೊಬ್ಬ ಗ್ಲೂಕೋಸ್ ನೀರು ಹಿಡಿದಿದ್ದ. ಆದರೆ ಪಾದ ಬರಿದಾಗಿತ್ತು, ಪಾದ ಅವರದ್ದೇ ಆಗಿತ್ತು. ಅಷ್ಟನ್ನು ಬರೆಯದಿದ್ದರೆ ಅನ್ಯಾಯ.

ಅದಾದ ಮೂರನೇ ದಿನ ಮಾದಸ್ವಾಮಿಗೆ ಫೋನ್ ಬಂತು. ಹೋದ. ಯಜಮಾನರು ಕಲ್ಯಾಣ ಮಂಟಪದ ಜಗಲಿ ಮೇಲೆ ನಿಂತಿದ್ದರು. ಎರಡು ಮೆಟ್ಟಿಲು ಇಳಿದರೆ ಅಂಗಳ, ಅಂಗಳದಲ್ಲಿ ಕುರ್ಚಿ ಹಾಕಿತ್ತು. ಅವರು ಇಳಿಯಲಿಲ್ಲ. ಕಂಬ ಹಿಡಿದುಕೊಂಡು, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಿಂತಿದ್ದರು. ಮಾದಸ್ವಾಮಿಗೆ ಆ ನಿಲುವು ಚೆನ್ನಾಗಿ ಗೊತ್ತಿತ್ತು. ಅವರು ಒಳಗಿದ್ದ ಬಸವೇಶನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದರು:

"ನಿಂದು ವಾಸಿಯಾಗೋಕೆ ಎಷ್ಟು ದಿನ ಹಿಡೀತು ಮಾದಸ್ವಾಮಿ?"

ಅವರು ಕಾಲುನೋವು ಅನ್ನಲಿಲ್ಲ. ಹರಕೆ ಕೆಡಬಾರದಲ್ಲ.

"ಟ್ರಯಲ್ ದಿನಕ್ಕಂತೂ ಆಗಿರ್ನಿಲ್ಲ ಸಾ."

ಯಜಮಾನರು ಕಂಬ ಹಿಡಿದ ಕೈ ಬದಲಿಸಿದರು. ಆಮೇಲೆ, ಒಳಗೆ ಜೆರ್ಸಿ ಬಂದಿವೆ, ನಿನ್ನ ಅಳತೆಯದು ತೆಗೆದುಕೋ, ಸ್ಟಾಪರ್ ಜಾಗಕ್ಕೆ ಬಸವೇಶ ಹೇಳಿದ ಹಾಗೆ ಅಭ್ಯಾಸ ಶುರು ಮಾಡು ಅಂದರು. ತಪ್ಪಾಯಿತು ಅನ್ನಲಿಲ್ಲ. ಅಂಥವರು ಅನ್ನುವುದಿಲ್ಲ.

ಮಾದಸ್ವಾಮಿ ಒಳಗೆ ಹೋಗಲು ಮೆಟ್ಟಿಲು ಹತ್ತಿದ. ಒಂದು ಕ್ಷಣ ತಡೆದು, ಯಜಮಾನರ ಪಾದ ನೋಡಿ, ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿ ಸಾ, ಬಟ್ಟೆ ಬಿಗಿಯಾಗಿ ಸುತ್ತಬೇಡಿ ಅಂತ ಹೇಳಿ ಹೋದ.